ದಿಕ್ಕು ತಪ್ಪದ ದೋಣಿ

"ಕಡಲೇ ಇಲ್ಲದ ಒಂದು ಊರು. ಆ ಊರಲ್ಲಿ ಮೂರು ಜನ ಗೆಳೆಯರು. ಒಬ್ಬನಿಗೆ ಕಬ್ಬಿಣ ಬಗ್ಗಿಸೋ ವಿದ್ಯೆ. ಇನ್ನೊಬ್ಬನಿಗೆ ಸತ್ತ ಇಂಜಿನ್ನಿಗೆ ಉಸಿರು ತುಂಬೋ ವಿದ್ಯೆ. ಮೂರನೆಯವನಿಗೆ ಕಾಗದದ ಮೇಲೆ ಗೆರೆ ಎಳೆದು, ಇಲ್ಲದೇ ಇರೋದನ್ನ ಇದೆ ಅಂತ ತೋರಿಸೋ ವಿದ್ಯೆ. ಮೂವರೂ ಸೇರಿ ಒಂದು ಕಬ್ಬಿಣದ ದೋಣಿ ಮಾಡಿದ್ರಂತೆ. ಕಬ್ಬಿಣ ತೇಲುತ್ತೇನ್ರೋ ಅಂತ ಊರೆಲ್ಲ ನಕ್ತಂತೆ. ತೇಲಿತಂತೆ. ಒಂದು ದಿನ ಮೂವರು ಹತ್ತಿ ಕಡಲಿಗೆ ಹೋದ್ರಂತೆ. ಇಬ್ಬರೇ ವಾಪಸ್ ಬಂದ್ರಂತೆ."

ವಸಂತಮ್ಮ ಅಲ್ಲಿಗೆ ಕಥೆ ನಿಲ್ಲಿಸಿ, ಬಾಯಲ್ಲಿದ್ದ ಅಡಿಕೆ ಚೂರನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಅಜ್ಜಿ ಕಥೆ ಕೇಳೋ ವಯಸ್ಸಾ ಟೀಚರ್ ನಮ್ಮದು?" ವಿಶ್ವಾರಾಧ್ಯ ನಕ್ಕ. ನಗು ಮೀಸೆಯವರೆಗೆ ಬಂದು ಅಲ್ಲೇ ನಿಂತಿತು.

"ಕಥೆ ಕೇಳೋಕೆ ವಯಸ್ಸಿಲ್ಲ ಮಾರಾಯ. ಸುಳ್ಳು ಹೇಳೋಕೆ ಒಂದು ವಯಸ್ಸಿರುತ್ತೆ. ನಿಂದು ದಾಟಿದೆ."

ಭದ್ರಾವತಿಯಲ್ಲಿ ವಿಶ್ವಾರಾಧ್ಯನ ವರ್ಕ್‌ಶಾಪಿನ ಹಿಂದೆ ಬಯಲು. ಬಯಲ ನಡುವೆ ನಾಲ್ಕು ಚಕ್ರದ ಟ್ರೈಲರಿನ ಮೇಲೆ ದೋಣಿ. ಹಸಿರು ಮೈ, ಬಿಳಿ ಪಟ್ಟಿ, ಮೂತಿಯ ಮೇಲೆ 'ಭದ್ರಾಕುಮಾರಿ' ಎಂಬ ಹೆಸರು. ನೀರಿನಿಂದ ಇಷ್ಟು ದೂರ ಬಂದು ಕೂತಿದ್ದ ಅದನ್ನು ನೋಡಿದರೆ, ತವರಿನ ದಾರಿ ಮರೆತ ಹೆಣ್ಣುಮಗಳ ನೆನಪಾಗುತ್ತಿತ್ತು.

ದೋಣಿಯಿಂದ ಕಡಲಿಗೆ ಬಿದ್ದು ಪ್ರಸನ್ನಕುಮಾರ್ ಸತ್ತನೆಂದು ಹೊನ್ನಾವರದ ಪೊಲೀಸರು ಬರೆದುಕೊಂಡಿದ್ದರು. ಹೆಣ ಮಾತ್ರ ಸಿಕ್ಕಿರಲಿಲ್ಲ.

ವಸಂತಮ್ಮ ಇದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಈಗ ಶಿವಮೊಗ್ಗದ ಆಲ್ಕೊಳದಲ್ಲಿ ಮನೆ. ಎರಡೂ ಊರಿನ ಜನ ಬಿಡಿಸಲಾಗದ ಗಂಟುಗಳನ್ನು ಅವರ ಜಗುಲಿಗೆ ತಂದಿಡುತ್ತಿದ್ದರು. ಪ್ರಸನ್ನನ ತಾಯಿ ಜಗದಾಂಬಾ ಕೂಡ ಬಂದಿದ್ದರು. "ನನ್ನ ಮಗ ಎಲ್ಲಿ ಹೋದ ಅಂತ ಗೊತ್ತಾಗೋ ತನಕ ನಾನು ಅನ್ನ ಮುಟ್ಟಲ್ಲ ಟೀಚರಮ್ಮ" ಎಂದಿದ್ದರು. ಹೇಳುತ್ತೇನೆಂದು ವಸಂತಮ್ಮ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು.

ಆ ಮೂವರೂ ಅವರ ವಿದ್ಯಾರ್ಥಿಗಳೇ. ಹಾಗಾಗಿ ಇವತ್ತು, "ದೋಣಿ ಹೊರಗೆ ಎಳಿಸೋ, ಬರ್ತಾ ಇದ್ದೀನಿ" ಎಂದು ಅವರು ಫೋನ್ ಮಾಡಿದಾಗ, ನಲವತ್ತು ಜನಕ್ಕೆ ಕೆಲಸ ಕೊಡುವ ವಿಶ್ವಾರಾಧ್ಯನಿಗೆ ಇಲ್ಲವೆನ್ನಲು ಆಗಿರಲಿಲ್ಲ.

ಇಂಜಿನ್ ನೋಡಿಕೊಳ್ಳುತ್ತಿದ್ದ ದೇವರಾಜ್ ಟ್ರೈಲರಿನ ಚಕ್ರಕ್ಕೆ ಒರಗಿ ನಿಂತಿದ್ದ. ಬಂದಾಗಿನಿಂದ ತಲೆ ಎತ್ತಿರಲಿಲ್ಲ.

"ದೇವರಾಜ, ಎಷ್ಟು ಸಲ ಹೋಗಿದ್ರೋ ಕಡಲಿಗೆ?"

"ಲೆಕ್ಕ ಇಟ್ಟಿಲ್ಲ ಟೀಚರ್. ಮೂರು ದಿನ ರಜ ಸಿಕ್ರೆ ಸಾಕು, ಲಾರಿ ಮೇಲೆ ಹಾಕ್ಕೊಂಡು ಘಟ್ಟ ಇಳಿಯೋದು. ಹೊನ್ನಾವರದಲ್ಲಿ ಹೊಳೆ ಕಡಲು ಸೇರೋ ಅಳಿವೇಲಿ ಇಳಿಸೋದು. ದಡ ಹಿಡ್ಕೊಂಡು ಮುರುಡೇಶ್ವರದ ತನಕ ಹೋಗಿ ಬರೋದು."

"ಊಟ?"

ಅವನ ಮುಖ ಸ್ವಲ್ಪ ಬಿಚ್ಚಿಕೊಂಡಿತು. "ಮುಂದಿನ ಅರ್ಧ ವೆಜ್ಜು, ಹಿಂದಿನ ಅರ್ಧ ನಾನ್‌ವೆಜ್ಜು. ಇವರಿಬ್ರೂ ಮುಂದೆ ಕೂತು ಬುತ್ತಿ ಚಿತ್ರಾನ್ನ ತಿನ್ನೋರು. ನಾನು ಇಂಜಿನ್ ಪಕ್ಕ ಸ್ಟೋ ಹಚ್ಚಿ ಬಂಗುಡೆ ಹುರಿಯೋನು. ಗಾಳಿ ಹಿಂದಿನಿಂದ ಬೀಸಿದ್ರೆ ವಿಶ್ವ ಬೈಯೋನು. ಬೆಸ್ತರು ಪಕ್ಕದಲ್ಲಿ ಹೋಗ್ತಾ, 'ಘಟ್ಟದ ಮೇಲಿನವ್ರು ಬಂದ್ರು, ಬಕೆಟ್ ತಂದಿದೀರಾ ನೀರು ಹೊರಹಾಕೋಕೆ' ಅಂತ ಕೂಗೋರು. ಪ್ರಸನ್ನ ಮಾತ್ರ ಮೂತಿ ಮೇಲೆ ಕಾಲು ಇಳಿಬಿಟ್ಟು ಕೂತ್ಕೊಂಡಿರೋನು. ಅವನಿಗೆ ಊಟಾನೂ ಬೇಡ. ನೀರು ನೋಡಿದ್ರೆ ಸಾಕು. ಇಲ್ಲಿ ಯಾರೂ ನನ್ನ ಹೆಸರು ಹಿಡಿದು ಕೂಗಲ್ಲ ನೋಡು ಅನ್ನೋನು."

ವಿಶ್ವಾರಾಧ್ಯ ಅವನನ್ನು ದುರುಗುಟ್ಟಿ ನೋಡುತ್ತಿದ್ದ.

ವಸಂತಮ್ಮ ಚೀಲದಿಂದ ಒಂದು ಫೋಟೋ ತೆಗೆದರು. ಪ್ರಸನ್ನನ ಕ್ಯಾಮೆರಾ ದೋಣಿಯಲ್ಲೇ ಉಳಿದಿತ್ತು. ಒಳಗಿದ್ದ ರೀಲನ್ನು ಅವರು ಶಿವಮೊಗ್ಗದ ಸ್ಟುಡಿಯೋದಲ್ಲಿ ತೊಳೆಸಿದ್ದರು.

"ಇದು ಯಾವಾಗ ತೆಗೆದದ್ದು ವಿಶ್ವ?"

"ಅವತ್ತೇ. ಆಯುಧಪೂಜೆ ಮಾಡಿದ ತಕ್ಷಣ. ದೋಣಿ ಬಿಡೋಕೆ ಮುಂಚೆ."

ದೋಣಿ ನಡೆಸುವವನ ಎದುರಿನ ಹಲಗೆಯ ಫೋಟೋ ಅದು. ನಡುವೆ ದಿಕ್ಸೂಚಿ. ಅದರ ಎಡಕ್ಕೆ ಸ್ಪ್ಯಾನರುಗಳು, ಪೈಪ್ ರಿಂಚು, ಸುತ್ತಿಗೆ. ಬಲಕ್ಕೆ, ದಿಕ್ಸೂಚಿಗೆ ಒತ್ತಿಕೊಂಡು, ಎರಡು ದೊಡ್ಡ ಸ್ಪೀಕರಿನ ಟೇಪ್‌ರೆಕಾರ್ಡರು. ಎಲ್ಲದಕ್ಕೂ ಮೂರು ಗೆರೆ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು.

"ಟೇಪ್‌ರೆಕಾರ್ಡರಿಗೂ ಪೂಜೇನಾ?"

"ಮತ್ತೆ? ಅದೂ ಯಂತ್ರ ಅಲ್ವಾ ಟೀಚರ್? ನಮ್ಮನೇಲಿ ಮಿಕ್ಸಿಗೂ ಮಾಡ್ತಾರೆ."

"ಒಳ್ಳೇದು. ಆಮೇಲೆ ದಾರೀಲಿ ಹಾಡು ಹಾಕಿದ್ರಾ?"

"ಹಾಕ್ತೀವಾ!" ವಿಶ್ವಾರಾಧ್ಯ ಎದೆ ಸೆಟೆಸಿದ. "ಪೂಜೆಗೆ ಇಟ್ಟಿದ್ದನ್ನ ಅವತ್ತು ಮುಟ್ಟೋ ಹಾಗಿಲ್ಲ. ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿದ್ದು. ಆಯುಧಪೂಜೆ ದಿನ ಈ ವರ್ಕ್‌ಶಾಪಲ್ಲಿ ಕೋಟಿ ಕೊಟ್ರೂ ಒಂದು ಬೋಲ್ಟ್ ತಿರುಗಿಸಲ್ಲ. ವಿಜಯದಶಮಿ ಬೆಳಿಗ್ಗೆ ಮತ್ತೆ ಕೈಮುಗಿದು ಎತ್ಕೋಬೇಕು."

"ದೋಣೀಲೂ ಹಾಗೇ ಇತ್ತಾ? ಅಲ್ಲಾಡಲಿಲ್ವಾ?"

"ದಾರ ಹಾಕಿ ಬಿಗಿದಿದ್ವಿ. ಬೇಕಾದ್ರೆ ಹೊನ್ನಾವರದ ಪೊಲೀಸರನ್ನ ಕೇಳಿ. ಮಾರನೇ ದಿನ ಅವರ ಎದುರಿಗೇ ಹೂವು ತೆಗೆದು ಸಾಮಾನು ಇಳಿಸಿದ್ದು."

"ಕೇಳಿದೀನಿ. ಅವರೂ ಹಾಗೇ ಅಂದ್ರು." ವಸಂತಮ್ಮ ಫೋಟೋವನ್ನು ಜೋಪಾನವಾಗಿ ದೋಣಿಯ ಅಂಚಿಗೆ ಒರಗಿಸಿ ನಿಲ್ಲಿಸಿದರು. "ಈಗ ಪ್ರಸನ್ನ ಬಿದ್ದದ್ದು ಹೇಳು. ಪೊಲೀಸರಿಗೆ ಹೇಳಿದ ಹಾಗೇ ಹೇಳು."

ವಿಶ್ವಾರಾಧ್ಯ ಬಾಯಿಪಾಠ ಒಪ್ಪಿಸುವವನಂತೆ ಶುರುಮಾಡಿದ. "ಪಶ್ಚಿಮಕ್ಕೆ ಬಹಳ ದೂರ ಹೋಗಿದ್ವಿ. ಸಂಜೆ ಆಗ್ತಾ ಮಳೆ ಹಿಡೀತು. ನಾಲ್ಕೂ ಕಡೆ ಬೆಳ್ಳಗೆ. ದಡ ಕಾಣ್ತಿರಲಿಲ್ಲ. ಒಂದು ದೊಡ್ಡ ಅಲೆ ಬಂತು. ತಿರುಗಿ ನೋಡಿದ್ರೆ ಪ್ರಸನ್ನ ಇಲ್ಲ. ಹುಡುಕಿದ್ವಿ, ಕೂಗಿದ್ವಿ. ಆಮೇಲೆ ಕಂಪಾಸ್ ನೋಡ್ಕೊಂಡು ಪೂರ್ವ ಬರೋ ತನಕ ದೋಣಿ ತಿರುಗಿಸಿದೆ. ಸೀದಾ ಅಳಿವೆಗೆ ಬಂದ್ವಿ."

"ಕಂಪಾಸ್ ನೋಡ್ಕೊಂಡೇ?"

"ಇನ್ನೇನು ನೋಡೋದು ಟೀಚರ್? ಬೇರೆ ಏನೂ ಕಾಣ್ತಿರಲಿಲ್ಲ ಅಂದ್ನಲ್ಲ."

"ಆಣೆ?"

"ಆಣೆ."

ವಸಂತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತಿ ದೋಣಿಯೊಳಗೆ ಇಳಿದರು. ಅರವತ್ತು ದಾಟಿದ ಮೊಣಕಾಲು ಗೊಣಗಿತು. ಅವರು ಅದಕ್ಕೆ ಕಿವಿಗೊಡಲಿಲ್ಲ.

"ಬನ್ನಿ ಇಬ್ರೂ. ಪಾಠ ಇದೆ."

ಇಬ್ಬರೂ ಹತ್ತಿದರು. ಹಲಗೆಯ ಮೇಲೆ ಈಗ ದಿಕ್ಸೂಚಿ ಒಂದೇ ಇತ್ತು. ಕಬ್ಬಿಣದ ದೋಣಿಯಲ್ಲಿ ಮುಳ್ಳು ಸುಳ್ಳು ಹೇಳುತ್ತದೆಂದು ಪ್ರಸನ್ನ ಅದನ್ನು ಹೊನ್ನೆ ಮರದ ಪೀಠದ ಮೇಲೆ ಕೂರಿಸಿ, ಅಡಿಯಲ್ಲಿ ಎರಡು ಸಣ್ಣ ಅಯಸ್ಕಾಂತ ಹೊಂದಿಸಿ ಸರಿಮಾಡಿದ್ದ. ಹತ್ತಿರ ಕಬ್ಬಿಣ ಇಡಬೇಡಿ ಎಂದು ಕೆಂಪು ಬಣ್ಣದಲ್ಲಿ ಬರೆದೂ ಇದ್ದ. ಪೂಜೆಯ ದಿನ ಆ ಅಕ್ಷರದ ಮೇಲೆಯೇ ಸ್ಪ್ಯಾನರುಗಳು ಕೂತಿದ್ದವು.

"ಮೂರ್ತಪ್ಪಾ," ವಸಂತಮ್ಮ ಕೆಳಗಿದ್ದ ವಾಚ್‌ಮನ್ನನ್ನು ಕೂಗಿದರು. "ನಿಮ್ಮವರನ್ನ ಕರೆದು ಟ್ರೈಲರನ್ನ ನಿಧಾನಕ್ಕೆ ಒಂದು ಸುತ್ತು ತಿರುಗಿಸಪ್ಪ."

ಐದಾರು ಜನ ಕೈ ಹಾಕಿದರು. ದೋಣಿಯ ಮೂತಿ ಬಯಲಿನಲ್ಲಿ ತಿರುಗಿತು. ಕಾರ್ಖಾನೆಯ ಹೊಗೆಕೊಳವೆ ಸರಿದುಹೋಯಿತು, ನೀಲಗಿರಿ ಮರಗಳು ಸರಿದುಹೋದವು. ದಿಕ್ಸೂಚಿಯ ಮುಳ್ಳು ಮಾತ್ರ ಹಠಮಾರಿ ಮಗುವಿನಂತೆ ಉತ್ತರಕ್ಕೇ ಮುಖ ಮಾಡಿತ್ತು.

"ಸರಿಯಾಗಿದೆ ತಾನೆ?"

"ಸರಿಯಾಗಿದೆ" ಎಂದ ವಿಶ್ವಾರಾಧ್ಯ.

"ಈಗ ಫೋಟೋದಲ್ಲಿದ್ದ ಹಾಗೆ ಜೋಡಿಸು. ಟೇಪ್‌ರೆಕಾರ್ಡರೂ ಇಡು. ಆ ಮೂಲೇಲಿ ಗೋಣಿಚೀಲದಲ್ಲಿದೆ ನೋಡು, ಇನ್ನೂ ಕುಂಕುಮ ಹೋಗಿಲ್ಲ."

ವಿಶ್ವಾರಾಧ್ಯ ಕದಲಲಿಲ್ಲ. ಏನಾಗುತ್ತದೆಂದು ಆ ಹೊತ್ತಿಗೆ ಅವನಿಗೆ ಹೊಳೆದಿತ್ತೋ ಏನೋ. ವಸಂತಮ್ಮ ತಾವೇ ಒಂದೊಂದನ್ನೂ ಎತ್ತಿ ಇಟ್ಟರು. ಸುತ್ತಿಗೆ ಇಟ್ಟಾಗ ಮುಳ್ಳು ನಡುಗಿತು. ಟೇಪ್‌ರೆಕಾರ್ಡರು ಬಂದು ಪಕ್ಕಕ್ಕೆ ಕೂತಾಗ ಗಿರ್ರನೆ ತಿರುಗಿ, ಹಸಿದ ಕರು ತಾಯಿಯ ಕೆಚ್ಚಲಿಗೆ ಮೂತಿ ಹಾಕುವಂತೆ, ಸ್ಪೀಕರಿನ ಕಡೆಗೆ ನಿಂತಿತು.

"ತಿರುಗಿಸಪ್ಪ ಮೂರ್ತಪ್ಪ, ಇನ್ನೊಂದು ಸುತ್ತು!"

ದೋಣಿ ತಿರುಗಿತು. ಹೊಗೆಕೊಳವೆ ಬಂತು, ಹೋಯಿತು. ಮರಗಳು ಬಂದವು, ಹೋದವು. ಮುಳ್ಳು ಸ್ಪೀಕರನ್ನು ಬಿಟ್ಟು ಕದಲಲಿಲ್ಲ. ದೋಣಿ ಯಾವ ಕಡೆ ತಿರುಗಿದರೂ ದಿಕ್ಸೂಚಿ ಒಂದೇ ದಿಕ್ಕು ಹೇಳುತ್ತಿತ್ತು.

"ಸ್ಪೀಕರ್ ಒಳಗೆ ಅಯಸ್ಕಾಂತ ಇರುತ್ತೆ ಅಂತ ಒಂಬತ್ತನೇ ಕ್ಲಾಸಲ್ಲಿ ಬಿಚ್ಚಿ ತೋರಿಸಿದ್ದೆ. ನೀನು ಹಿಂದಿನ ಬೆಂಚಲ್ಲಿ ನೇರಳೆಹಣ್ಣು ತಿಂತಿದ್ದೆ."

ದೇವರಾಜ್ ಗೋಡೆಗೆ ಅಂಟಿದ ಹಲ್ಲಿಯಂತೆ ದೋಣಿಯ ಬದಿಗೆ ಅಂಟಿ ನಿಂತಿದ್ದ.

"ಪೂರ್ವ ಬರೋ ತನಕ ತಿರುಗಿಸಿದೆ ಅಂದ್ಯಲ್ಲ ವಿಶ್ವ. ಇದರಲ್ಲಿ ಪೂರ್ವ ಯಾವಾಗ ಬಂತು? ನನಗೂ ತೋರ್ಸು."

"ಹಾಗಾದ್ರೆ... ಕಂಪಾಸ್ ಕೆಟ್ಟಿತ್ತು. ನಮ್ಮ ಪುಣ್ಯ, ಹೇಗೋ ದಡ ಸೇರಿದ್ವಿ."

"ಬೆಸ್ತರೇ ಹೆದರೋ ಅಳಿವೆ ಬಾಯಿಗೆ, ಮಳೇಲಿ, ದಡ ಕಾಣದೆ, ಸೀದಾ?"

"ಪುಣ್ಯ ಅಂದ್ನಲ್ಲ ಟೀಚರ್."

"ಪುಣ್ಯದ ಮಾತು ಮಠದಲ್ಲಾಡು. ನೀನು ಅವತ್ತು ಇದನ್ನ ನೋಡೇ ಇಲ್ಲ ಕಣೋ. ಒಂದು ಸಲ ನೋಡಿದ್ರೂ ಮುಳ್ಳು ಅಲ್ಲಾಡ್ತಿಲ್ಲ ಅನ್ನೋದು ಗೊತ್ತಾಗ್ತಿತ್ತು. ನೋಡೋ ಅಗತ್ಯಾನೇ ಬೀಳಲಿಲ್ಲ. ಯಾಕೆ ಹೇಳು? ಇಡೀ ದಿನ ದಡ ನಿನ್ನ ಕಣ್ಣೆದುರೇ ಇತ್ತು. ಮಳೆಯೂ ಇಲ್ಲ, ನಡುಗಡಲೂ ಇಲ್ಲ. ಯಾವಾಗಿನ ಹಾಗೆ ದಡ ಹಿಡ್ಕೊಂಡೇ ಹೋಗಿದೀರಿ."

ಕಾರ್ಖಾನೆಯ ಸೈರನ್ ಕೂಗಿತು. ಪಾಳಿ ಬದಲಾಗುವ ಹೊತ್ತು. ಗೇಟಿನಾಚೆ ಸೈಕಲ್ಲುಗಳ ಗಂಟೆ ಒಂದರ ಹಿಂದೆ ಒಂದು ಕೇಳಿಸಿತು.

"ಭದ್ರಾ ಚಾನಲ್‌ನಲ್ಲಿ ಈಜು ಕಲಿತ ಹುಡುಗ ಪ್ರಸನ್ನ. ದಡ ಕಾಣೋ ಕಡೆ ಬಿದ್ರೆ ಈಜಿ ಬರ್ತಿದ್ದ. ಹಾಗಾಗಿ ಉಳಿಯೋದು ಎರಡೇ. ನೀವು ಅವನನ್ನ ಕೊಂದಿರಬೇಕು, ಇಲ್ಲ ದಡಕ್ಕೆ ಇಳಿಸಿರಬೇಕು." ವಸಂತಮ್ಮ ಇಬ್ಬರನ್ನೂ ಒಮ್ಮೆ ನೋಡಿದರು. "ಯಾವುದು?"

"ಟೀಚರ್, ಏನ್ ಮಾತಾಡ್ತಿದೀರಿ ನೀವು!"

"ಯಾವುದು ಅಂದೆ. ಮೊದಲನೆಯದಾದ್ರೆ ಇಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗ್ತೀನಿ. ನನ್ನ ಕೈಯಲ್ಲಿ ಓದಿದವರು ಅಂತ ಬಿಡಲ್ಲ."

"ಕೊಂದಿಲ್ಲ ಟೀಚರ್!" ದೇವರಾಜನ ದನಿ ಒಡೆಯಿತು. "ನಾವು ಯಾಕೆ ಕೊಲ್ತೀವಿ ಅವನನ್ನ? ಇಳಿಸಿದ್ವಿ."

"ಲೋ!" ವಿಶ್ವಾರಾಧ್ಯ ಅವನ ಅಂಗಿಗೆ ಕೈ ಹಾಕಿದ. "ಬಾಯಿ ಮುಚ್ಚೋ. ಆಣೆ ಮಾಡಿದೀಯ."

"ಕೈ ತೆಗಿ ವಿಶ್ವ." ವಸಂತಮ್ಮ ದನಿ ಏರಿಸಲಿಲ್ಲ. ಅವನ ಕೈ ತಾನಾಗೇ ಕೆಳಗಿಳಿಯಿತು. "ನೀನು ಹೇಳು ದೇವರಾಜ. ಎಲ್ಲಿ?"

ದೇವರಾಜ್ ದೋಣಿಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತ.

"ಮಂಕಿ ಊರು ದಾಟಿದ ಮೇಲೆ ಎರಡು ಕರೀ ಬಂಡೆ ಸಿಗುತ್ತೆ. ಮಧ್ಯೆ ಸಣ್ಣ ಮರಳ ದಂಡೆ. ಅಲ್ಲಿಗೆ ರಸ್ತೆ ಇಲ್ಲ, ದೋಣೀಲಿ ಇಲ್ಲಾ ತೋಟದೊಳಗಿನ ಕಾಲುದಾರೀಲಿ ಹೋಗಬೇಕು. ಇಂಜಿನ್ ನಿಲ್ಸಿದೆ. ಅವನು ಪ್ಯಾಂಟ್ ಮಡಚಿ, ಚೀಲ ತಲೆ ಮೇಲೆ ಇಟ್ಕೊಂಡು ಇಳಿದ. ಮೊಣಕಾಲುದ್ದ ನೀರು. ದಡ ಹತ್ತಿ ತಿರುಗಿ ನೋಡ್ಲೇ ಇಲ್ಲ. ಮೇಲೆ ತೆಂಗಿನ ತೋಟದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಕೊಟ್ಟಿದ್ವಿ. ಈಗಲೂ ಅಲ್ಲೇ ಇದಾನೆ ಟೀಚರ್. ಮೊನ್ನೆ ಎಸ್‌ಟಿಡಿ ಬೂತಿಂದ ಫೋನ್ ಮಾಡಿದ್ದ. ಚೆನ್ನಾಗಿದಾನೆ."

ವಸಂತಮ್ಮ ಕಣ್ಣು ಮುಚ್ಚಿ ತೆರೆದರು. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿ ಎಲ್ಲೋ ಬಿತ್ತು.

"ಬದುಕಿರೋ ಮನುಷ್ಯನನ್ನ ಸತ್ತ ಅಂತ ಬರೆಸಿದೀರಲ್ಲೋ! ಯಾರಿಂದ ತಪ್ಪಿಸ್ಕೊಂಡು ಹೋದ ಅವನು? ಯಾರ ಭಯ?"

ದೇವರಾಜ್ ವಿಶ್ವಾರಾಧ್ಯನ ಮುಖ ನೋಡಿದ.

"ಅದೊಂದು ಮಾತ್ರ ಕೇಳಬೇಡಿ" ಎಂದ ವಿಶ್ವಾರಾಧ್ಯ. "ಅವನ ಕೊರಳಿನ ಇಷ್ಟಲಿಂಗ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದಾನೆ. ಪ್ರಾಣ ಹೋದ್ರೂ ಹೇಳಲ್ಲ."

"ಅದನ್ನ ಆಮೇಲೆ ನಾನೇ ಕಂಡುಹಿಡೀತೀನಿ. ಮೊದಲು ಹೆತ್ತವಳ ಹೊಟ್ಟೆಗೆ ಅನ್ನ ಬೀಳಲಿ." ವಸಂತಮ್ಮ ಆಗಲೇ ಏಣಿಯ ಕಡೆ ಹೊರಟಿದ್ದರು. "ದೇವರಾಜ, ಆಟೋ ಕರಿ. ನೀನೂ ಬಾ."

"ಟೀಚರ್, ಇವತ್ತು ಬೇಡ." ವಿಶ್ವಾರಾಧ್ಯ ಏಣಿಗೆ ಅಡ್ಡ ಬಂದು ನಿಂತ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. "ನಾಳೆ ಹೇಳೋಣ. ಒಂದೇ ಒಂದು ದಿನ."

"ಯಾಕೆ? ರಾತ್ರಿ ಅವನಿಗೆ ಫೋನ್ ಮಾಡಿ ಓಡಿಸೋಕಾ? ಸರಿಯೋ ಆ ಕಡೆ. ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದೀನಿ. ಇನ್ನೊಂದು ಹೊತ್ತು ಆ ತಾಯಿ ಬರೀ ಹೊಟ್ಟೇಲಿ ಮಲಗೋ ಹಾಗೆ ಮಾಡಲ್ಲ."

ಅವನು ಸರಿದ.

ಆಟೋ ಭದ್ರಾ ಸೇತುವೆ ದಾಟಿ ಓಲ್ಡ್ ಟೌನಿನ ಇಕ್ಕಟ್ಟು ಬೀದಿಗಳಿಗೆ ನುಗ್ಗಿತು. ವಸಂತಮ್ಮ ಸೀಟಿನ ತುದಿಯಲ್ಲಿ ಕೂತಿದ್ದರು. ರಾಕ್ಷಸ ಏಳು ಕಡಲಾಚೆ ಬಚ್ಚಿಟ್ಟ ರಾಜಕುಮಾರನ ಸುದ್ದಿಯನ್ನು ರಾಣಿಗೆ ತಲುಪಿಸಲು ಹೊರಟ ಗಿಣಿಯ ಕಥೆ ಅವರಿಗೆ ಸುಮ್ಮನೆ ನೆನಪಾಯಿತು. ದೇವರಾಜ್ ಎರಡು ಸಲ ಬಾಯಿ ತೆರೆದು ಮುಚ್ಚಿದ್ದನ್ನು ಅವರು ಕಂಡರು. ನಾಚಿಕೆ ಪಾಪ, ಎಂದುಕೊಂಡರು.

ಜಗದಾಂಬಾ ಅವರದ್ದು ದೊಡ್ಡ ಮನೆ. ಮುಂದೆ ಅಕ್ಕಿ ಗಿರಣಿ, ಹಿಂದೆ ವಾಸ. ಗಂಡ ಹೋದ ಮೇಲೆ ಗಿರಣಿ, ಗದ್ದೆ, ಲಾರಿ ಎಲ್ಲವನ್ನೂ ಒಬ್ಬರೇ ನಡೆಸಿದವರು. ಗಿರಣಿಯ ಆಳುಗಳು ಅವರ ಚಪ್ಪಲಿ ಸದ್ದು ಕೇಳಿದರೆ ಬೀಡಿ ಆರಿಸುತ್ತಿದ್ದರು. ಈಗ ಹಾಲು ಬಾಳೆಹಣ್ಣಿನಲ್ಲಿ ದಿನ ತಳ್ಳಿ ಕೆನ್ನೆ ಒಳಗೆ ಹೋಗಿತ್ತು. ಬೆನ್ನು ಮಾತ್ರ ಹಾಗೇ ನೆಟ್ಟಗಿತ್ತು.

"ಬನ್ನಿ ಟೀಚರಮ್ಮ. ಕೂತ್ಕೊಳ್ಳಿ. ಸುಮನಾ, ನೀರು ತಗೊಂಬಾ."

ಮಗಳು ಸುಮನಾ ನೀರು ತಂದಳು. ದೇವರಾಜನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ನೀರು ಆಮೇಲೆ ಜಗದಾಂಬಮ್ಮ. ಕೊಟ್ಟ ಮಾತು ಮೊದಲು." ವಸಂತಮ್ಮ ಅವರ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಮಗ ಮುಳುಗಿಲ್ಲ. ಬದುಕಿದಾನೆ."

ಜಗದಾಂಬಾ ಅಳಲಿಲ್ಲ. ಕೂಗಲಿಲ್ಲ. ಹಿಡಿದಿದ್ದ ಕೈ ಬೆಚ್ಚಗಿತ್ತು, ಅಲುಗಾಡಲಿಲ್ಲ.

"ಎಲ್ಲಿ?" ಎಂದರು.

ವಸಂತಮ್ಮ ಹೇಳಿದರು. ಮಂಕಿ, ಎರಡು ಕರಿ ಬಂಡೆ, ಮರಳ ದಂಡೆ, ತೆಂಗಿನ ತೋಟದ ಮನೆ.

"ಇನ್ನೊಂದು ಸಲ ಹೇಳಿ. ಬಂಡೆ ಯಾವ ಕಡೆಗೆ? ಮಂಕಿಗಿಂತ ಮುಂದಾ, ಹಿಂದಾ?"

"ಮುಂದೆ. ಮುರುಡೇಶ್ವರದ ಕಡೆಗೆ."

"ಮನೇಲಿ ಒಬ್ಬನೇ ಇದಾನಾ?"

"ಹೌದಂತೆ."

ಜಗದಾಂಬಾ ತಲೆಯಾಡಿಸಿದರು. "ಸುಮನಾ, ತಟ್ಟೆ ಇಡು. ಮೊಸರನ್ನ ಸಾಕು."

ಸುಮನಾ ಚೊಂಬು ಕೆಳಗಿಟ್ಟು ತಾಯಿಯ ಹತ್ತಿರ ಬಂದಳು. "ಅವ್ವಾ, ಪ್ರಸನ್ನಣ್ಣ ತಾನಾಗೇ ಬರ್ತಾನೆ ಬಿಡವ್ವ..."

"ತಟ್ಟೆ ಇಡು ಅಂದೆ."

ಅವರು ನಿಂತುಕೊಂಡೇ ನಾಲ್ಕು ತುತ್ತು ತಿಂದು ಕೈ ತೊಳೆದರು. ಹೆಗಲಿಗೆ ಶಾಲು ಹಾಕಿಕೊಂಡು ಬಾಗಿಲಿಗೆ ಬಂದು, ಗಿರಣಿಯ ಕಡೆ ಕೂಗಿದರು.

"ಚೌಡಪ್ಪಾ! ಜೀಪ್ ತೆಗಿ. ನಿನ್ನ ಇಬ್ಬರು ಹುಡುಗರನ್ನೂ ಹತ್ತಿಸ್ಕೋ. ಹಗ್ಗ ಇದೆಯೇನೋ ಜೀಪಲ್ಲಿ?"

"ಇದೆ ಅಮ್ಮಾರೇ."

ಹಗ್ಗ ಯಾಕೆ? ವಸಂತಮ್ಮ ಎದ್ದು ನಿಂತರು. ಒಳಗೆ ಸುಮನಾ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಮುಖ ಮಾಡಿದ್ದಳು. ಖುಷಿಗೆ ಅಳುವವರು ಹಾಗೆ ಅಳುವುದಿಲ್ಲ.

ಅಂಗಳದಲ್ಲಿ ದೇವರಾಜ್ ಅವರ ಪಕ್ಕಕ್ಕೆ ಬಂದ.

"ಟೀಚರ್, ಅವನು ಯಾರಿಂದ ತಪ್ಪಿಸ್ಕೊಂಡು ಹೋದ ಅಂತ ಕೇಳಿದ್ರಲ್ಲ." ಆಣೆ ಮುರಿಯುವ ಮೊದಲು ಅವನು ಜಗದಾಂಬಾ ಅವರ ಕಡೆ ಒಮ್ಮೆ ನೋಡಿದ. "ಇವರಿಂದ. ಹಿಂದೆ ಒಂದು ಸಲ ಮನೆ ಬಿಟ್ಟು ಹೋದಾಗ್ಲೂ ಕೈಕಾಲು ಕಟ್ಟಿಸಿ ಎಳ್ಕೊಂಡು ಬಂದು ಕೂಡಿಹಾಕಿದ್ರು. ಊರಿಗೆಲ್ಲ ಗೊತ್ತಾದ್ರೂ ಪರವಾಗಿಲ್ಲ, ಅವ್ವನಿಗೆ ಮಾತ್ರ ನಾನು ಸತ್ತೇ ಇರಬೇಕು ಅಂದಿದ್ದ."

ಜೀಪು ಬಂದು ನಿಂತಿತು. ಜಗದಾಂಬಾ ಮುಂದಿನ ಸೀಟು ಹತ್ತಿ, ಶಾಲು ಸರಿಮಾಡಿಕೊಂಡು, ವಸಂತಮ್ಮನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಎರಡು ವಾರದಲ್ಲಿ ಮೊದಲ ಸಲ ಅವರು ನಕ್ಕದ್ದು.

"ಮಾತು ನಡೆಸಿಕೊಟ್ರಿ ಟೀಚರಮ್ಮ. ನಿಮ್ಮಿಂದ ಅಲ್ದೇ ಇನ್ಯಾರಿಂದಲೂ ಆಗ್ತಿರಲಿಲ್ಲ."

ಚೌಡಪ್ಪ ಗೇರು ಹಾಕಿದ.